ಬಸಲಿಂಗವ್ವ ತಿನ್ನದ ಉಂಡಿ

ನಾನು ಕೆಲಸಕ್ಕೆ ಸೇರಿದ್ದು ಯಾವತ್ತು ಎಂದು ಕೇಳಿದರೆ ಸರಿಯಾಗಿ ಹೇಳಲು ಬರುವುದಿಲ್ಲ. ಶಿಗ್ಗಾಂವಿಯ ನಮ್ಮ ದವಾಖಾನೆಯಲ್ಲಿ ಹೊರಗಿನ ಮೇಜಿಗೆ ಕೂರುತ್ತಿದ್ದ ಕಂಪೌಂಡರು ತಂಗಿಯ ಮದುವೆಗೆಂದು ರಜೆ ಹಾಕಿ ಹೋದ. "ನಾಕ ದಿವಸ ನೀ ಕುಂಡ್ರು. ಹೆಸರು ಬರಕೊಂಡು ಒಬ್ಬೊಬ್ಬರನ್ನ ಒಳಗ ಕಳಸು, ಅಷ್ಟ" ಎಂದರು ನಮ್ಮ ಡಾಕ್ಟರು. ನಮ್ಮ ಡಾಕ್ಟರು ಎಂದರೆ ನನ್ನ ಗಂಡ. ಕಂಪೌಂಡರು ಹೊಸ ಬೀಗರ ಜೊತೆ ಪೈಪಿನ ವ್ಯಾಪಾರಕ್ಕೆ ಇಳಿದು ತಿರುಗಿ ಬರಲೇ ಇಲ್ಲ. ನಾಲ್ಕು ದಿನಕ್ಕೆಂದು ಕೂತ ನಾನು ಆ ಕುರ್ಚಿಯಿಂದ ಎದ್ದದ್ದು ಮೂವತ್ತೊಂದು ವರ್ಷದ ಮೇಲೆ. ಹೋದ ವರ್ಷ, ಹೊಸದಾಗಿ ಎಂ.ಡಿ. ಮುಗಿಸಿ ಬಂದ ಒಬ್ಬ ಹುಡುಗಿಗೆ ದವಾಖಾನೆ ಒಪ್ಪಿಸಿದಾಗ. ಸೇರುವಾಗ ಗೃಹಿಣಿ, ಬಿಡುವಾಗಲೂ ಗೃಹಿಣಿ. ಬಡ್ತಿಯ ಅಧ್ಯಾಯ ಇಲ್ಲಿಗೆ ಮುಗಿಯಿತು.

ಆ ಹುಡುಗಿ ಮೊನ್ನೆ ಮನೆಗೆ ಬಂದವಳು, "ಅಕ್ಕಾರ, ಒಳಗಿನ ವಿದ್ಯಾ ಕಲತು ಬಂದೇನಿ. ನಿಮ್ಮ ಹೊರಗಿನ ಮೇಜಿನ ವಿದ್ಯಾ ಯಾವ ಪುಸ್ತಕದಾಗೂ ಸಿಗವಲ್ದು. ಬರದ ಕೊಡ್ರಿ" ಎಂದಳು. ಆದ್ದರಿಂದ ಬರೆಯುತ್ತಿದ್ದೇನೆ. ಅವಳಿಗೆ, ಮತ್ತು ಅವಳ ಹಾಗೆ ಕೊರಳಿಗೆ ಹೊಸ ಸ್ಟೆತಾಸ್ಕೋಪು ಹಾಕಿಕೊಂಡು ಸಣ್ಣ ಊರುಗಳಿಗೆ ಬರುವವರಿಗೆ. ನಮ್ಮ ಡಾಕ್ಟರೂ ಓದುತ್ತಾರೆ. ಓದಲಿ.

ಮೊದಲು ನನ್ನ ಅರ್ಹತೆ. ನಾನು ಓದಿದ್ದು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ. ಅಕ್ಷರ ದುಂಡಗೆ ಬರೆಯುವುದು, ಮೆಲ್ಲಗೆ ಮಾತಾಡುವುದು, ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡುವುದು, ಇವು ಚೆನ್ನಾಗಿ ಬರುತ್ತಿದ್ದವು. ಮನುಷ್ಯನಿಗೆ ಹೊಟ್ಟೆಯಿಂದ ಕೆಳಗೆ ಮೊಣಕಾಲಿನವರೆಗೆ ಏನೂ ಇಲ್ಲವೆಂದು ನಮ್ಮನ್ನು ಅಲ್ಲಿ ನಂಬಿಸಿ ಕಳಿಸಿದ್ದರು. ಮೊದಲ ವಾರವೇ ಹುಲಗೂರಿನಿಂದ ಒಬ್ಬ ಅಜ್ಜ ಬಂದು ಬೆಂಚಿನ ತುದಿಗೆ ಕೂತು, ಸುತ್ತ ನೋಡಿ, "ಮೂರು ದಿವಸ ಆತ್ರಿ ಅಕ್ಕಾರ, ಹೊರಕಡಿಗಿ ಹೋಗಿಲ್ಲ" ಎಂದರು. ನಾನು ಮರುಕಪಟ್ಟು, "ಯಾಕ್ರಿ ಅಜ್ಜಾರ, ನಿಮ್ಮ ಕಡೆ ಅಷ್ಟು ಮಳಿ ಐತೇನ್ರಿ?" ಎಂದು ಕೇಳಿದೆ. ಚೀಟಿಯಲ್ಲಿ, ಮೂರು ದಿನದಿಂದ ಮನೆಯಲ್ಲೇ ಇದ್ದಾರೆ ಎಂದು ದುಂಡಗೆ ಬರೆದು ಒಳಗೆ ಕಳಿಸಿದೆ. ಒಳಗಿನಿಂದ ನಮ್ಮ ಡಾಕ್ಟರು ನಕ್ಕಿದ್ದು ರಸ್ತೆಯ ಆಚೆಯ ಟೈರಿನ ಅಂಗಡಿಗೆ ಕೇಳಿಸಿತಂತೆ. ಅಜ್ಜ ಹೊರಬಂದು ನನ್ನ ತಲೆಯ ಮೇಲೆ ಕೈಯಿಟ್ಟು, "ಚೊಲೊ ಮನಿ ಹೆಣಮಗಳು" ಎಂದು ಹೇಳಿ ಹೋದರು. ಅದಾದ ಮೇಲೆ ನಾನು ಎಲ್ಲವನ್ನೂ ಎಲ್ಲ ಹೆಸರಿನಿಂದಲೂ ಕೇಳಲು ಕಲಿತೆ. ನೀವೂ ಬೇಗ ಕಲಿಯಿರಿ. ನಾಚಿಕೆಯಿಂದ ಕೇಳದೆ ಬಿಟ್ಟ ಪ್ರಶ್ನೆಗೆ ಆಮೇಲೆ ಸ್ಕ್ಯಾನಿಂಗ್ ಮಾಡಿಸಬೇಕಾಗುತ್ತದೆ.

ನನ್ನ ಮೇಲಧಿಕಾರಿ ಒಬ್ಬರೇ. ರೋಗ ಹಿಡಿಯುವುದರಲ್ಲಿ ಗಟ್ಟಿಗರು. ಹಣೆಯ ಮೇಲೆ ಏರಿಸಿಕೊಂಡ ಕನ್ನಡಕವನ್ನು ಹುಡುಕುವುದರಲ್ಲಿ ಅಷ್ಟಕ್ಕಷ್ಟೇ. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಿದವರಲ್ಲ. ತಪ್ಪು ಮನವರಿಕೆಯಾದಾಗ ಸ್ಟೆತಾಸ್ಕೋಪನ್ನು ಕೊರಳಿನಿಂದ ತೆಗೆದು, ಅದರ ನಳಿಗೆಯನ್ನು ಸುತ್ತಿ ಸುತ್ತಿ ಮೇಜಿನ ಮೇಲಿಡುತ್ತಾರೆ. ಹೊಸಬರು ಇದನ್ನು ವಿಶ್ರಾಂತಿ ಎಂದುಕೊಳ್ಳುತ್ತಿದ್ದರು. ನನಗೆ ಗೊತ್ತಿತ್ತು.

ಒಳಗೆ ಡಾಕ್ಟರ ಎದುರು ಕೂತಾಗ ಜನ ಪರೀಕ್ಷೆಗೆ ಕೂತವರಂತೆ ಇರುತ್ತಾರೆ. "ಏನು ತ್ರಾಸು?" ಎಂದರೆ, "ನೀವ ನೋಡಿ ಹೇಳ್ರಿ" ಎನ್ನುತ್ತಾರೆ. ನಾಡಿ ಹಿಡಿದು ಎಲ್ಲ ಹೇಳದವನು ಎಂಥ ಡಾಕ್ಟರು ಎಂಬ ಭಾವ. ಹೊರಗೆ ನನ್ನ ಹತ್ತಿರ ಮಾತ್ರ ಸುದ್ದಿ. ಸೊಸೆ ಹೊಸ ಮಿಕ್ಸರು ತಂದಳು, ಎಮ್ಮೆ ಕರು ಹಾಕಿತು, ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಲ್ಲಬೇಕಾಗುತ್ತದೆ, ಚಪ್ಪಲಿ ಬಿಗಿಯಾಗಿವೆ. ಇದರಲ್ಲಿ ಮಿಕ್ಸರು ಎಮ್ಮೆ ಬಿಟ್ಟು ಉಳಿದದ್ದನ್ನು ನಾನು ಚೀಟಿಯಲ್ಲಿ ಬರೆಯುತ್ತಿದ್ದೆ. ಚಪ್ಪಲಿ ಬಿಗಿಯಾದವರಿಗೆ ನಮ್ಮ ಡಾಕ್ಟರು ಕಾಲು ಒತ್ತಿ ನೋಡುತ್ತಿದ್ದರು. ಬೆರಳು ಒಳಗೆ ಇಳಿಯುತ್ತಿತ್ತು. ಹೃದಯದ್ದೋ ಕಿಡ್ನಿಯದ್ದೋ ಎನ್ನುವುದು ಅವರ ವಿದ್ಯೆ. ಚಪ್ಪಲಿ ನನ್ನದು.

ಈಗ ಸಕ್ಕರೆ ಕಾಯಿಲೆಗೆ ಬರುತ್ತೇನೆ. ಮೂವತ್ತೊಂದು ವರ್ಷದಲ್ಲಿ ನಮ್ಮ ಬೆಂಚಿನ ಅರ್ಧದಷ್ಟನ್ನು ಆಕ್ರಮಿಸಿದ್ದು ಅದೇ.

ಹಾನಗಲ್ಲಿನಿಂದ ಒಬ್ಬ ನಿವೃತ್ತ ಹೆಡ್ ಮಾಸ್ತರರು ಬರುತ್ತಿದ್ದರು. ನೌಕರಿಯುದ್ದಕ್ಕೂ ಕಾಪಿ ಹೊಡೆಯುವ ಹುಡುಗರ ಕಿವಿ ಹಿಂಡಿದವರು. ಸಕ್ಕರೆ ತಪಾಸಣೆಗೆ ಬರುವ ಎರಡು ದಿನ ಮೊದಲು ಅವರ ಮನೆಯಲ್ಲಿ ಅರ್ಧ ರೊಟ್ಟಿ, ಹಾಗಲಕಾಯಿ ಪಲ್ಯ, ಮೆಂತ್ಯ ನೆನೆಸಿದ ನೀರು. ಮೂರನೆಯ ದಿನ ಮುಂಜಾನೆ ಖಾಲಿ ಹೊಟ್ಟೆಯಲ್ಲಿ ಬಂದು ರಕ್ತ ಕೊಡುವರು. ಕೊಟ್ಟವರೇ ಬಸ್ ಸ್ಟ್ಯಾಂಡಿನ ಹೋಟೆಲಿಗೆ ನಡೆಯುವರು. ರಿಪೋರ್ಟಿಗೆಂದು ಹನ್ನೊಂದಕ್ಕೆ ತಿರುಗಿ ಬಂದಾಗ ಅವರ ಬಿಳಿ ಮೀಸೆಯಲ್ಲಿ ಕೇಸರಿ ಬಣ್ಣದ ಎರಡು ಮೂರು ಕಾಳು ರವೆ.

"ಮಾಸ್ತರ, ಮೀಸಿ ಒರಸಿಕೋರಿ. ಶಿರಾ ಹತ್ತೇತಿ" ಎಂದೆ ಒಂದು ಸಲ.

ಅವರು ಮೆಲ್ಲಗೆ ಒರೆಸಿಕೊಂಡು, "ಒಳಗ ಹೋಗೂಕಿಂತ ಮೊದಲ ಹೇಳಿದಿ ತಂಗಿ, ನಿನ್ನ ಹೊಟ್ಟಿ ತಣ್ಣಗಿರಲಿ" ಎಂದರು. ಒಳಗೆ ನಮ್ಮ ಡಾಕ್ಟರು, "ನೋಡ್ರಿ ಮಾಸ್ತರ, ಎಷ್ಟು ಚೊಲೊ ಬಂದೈತಿ. ಹಿಂಗ ಇರ್ರಿ" ಎಂದು ಬೆನ್ನು ತಟ್ಟಿದರು.

ಗಂಡನಿಗೆ ಹೇಳಿದರೆ ಮಾಸ್ತರರ ಮರ್ಯಾದೆ ಹೋಗುತ್ತದೆ, ಹೇಳದಿದ್ದರೆ ಕಾಲು ಹೋಗುತ್ತದೆ. ನಾನು ಒಂದು ಉಪಾಯ ಮಾಡಿದೆ. ಇಂಥವರ ಕೇಸ್ ಪೇಪರಿನ ಮೇಲ್ತುದಿಯಲ್ಲಿ, ಎಡಗಡೆ, ಪೆನ್ಸಿಲ್ಲಿನಿಂದ ಕದ್ದು ತಿನ್ನುವವರೆಂಬ ಗುರುತಿಗೆ ಒಂದು ಮುಚ್ಚಿದ ಕಣ್ಣು ಬರೆಯತೊಡಗಿದೆ. ಒಂದು ಬಾಗಿದ ಗೆರೆ, ಅದಕ್ಕೆ ಮೂರು ರೆಪ್ಪೆ. ಕಾನ್ವೆಂಟಿನಲ್ಲಿ ಡ್ರಾಯಿಂಗಿಗೆ ಬಹುಮಾನ ಬಂದಿತ್ತು, ಹಾಗಾಗಿ ಕಣ್ಣು ಚೆಂದವಾಗಿಯೇ ಬರುತ್ತಿತ್ತು. ನಮ್ಮ ಡಾಕ್ಟರು ಅದೇನೆಂದು ಕೇಳಲಿಲ್ಲ. ಆದರೆ ಕೆಲವು ದಿನಗಳಲ್ಲಿ ಅವರು ಪೇಪರು ಕೈಗೆ ಬಂದೊಡನೆ ಮೊದಲು ಆ ಮೂಲೆಯನ್ನು ನೋಡುವುದನ್ನು ಕಂಡೆ. ರೋಗಿಯ ಮುಖ ನೋಡುವುದು ಆಮೇಲೆ. ಆಗ ನನಗೆ ಹೆಮ್ಮೆಯೇ ಆಗಿತ್ತು. ಆಗಬಾರದಿತ್ತು.

ಆಮೇಲೆ ಮೂರು ತಿಂಗಳ ಟೆಸ್ಟು ಬಂತು. ಅದಕ್ಕೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿದೆ, ಬೆಂಚಿನ ಜನ ಕರೆದದ್ದು ಹೀಗೆ. ಇಂದು ಮುಂಜಾನೆ ಸಕ್ಕರೆ ಎಷ್ಟು ಎಂದಲ್ಲ, ಕಳೆದ ಎರಡು ಮೂರು ತಿಂಗಳು ಸರಾಸರಿ ಹೇಗಿತ್ತು ಎಂದು ಅದು ಹೇಳುತ್ತದೆ. ಎರಡು ದಿನ ಹಾಗಲಕಾಯಿ ತಿಂದು ಅದಕ್ಕೆ ಮೋಸ ಮಾಡಲು ಬರುವುದಿಲ್ಲ. ಅಂದಿನಿಂದ ನಮ್ಮ ಡಾಕ್ಟರು ಡಾಕ್ಟರಾಗಿ ಉಳಿಯಲಿಲ್ಲ, ಫೌಜದಾರರಾದರು. ರಿಪೋರ್ಟಿನ ಲಕೋಟೆ ಒಡೆಯುವಾಗ ಅವರ ಮುಖದ ಮೇಲಿನ ಸಂತೋಷವನ್ನು ನಮ್ಮ ಮದುವೆಯಲ್ಲಿಯೂ ನಾನು ಕಂಡಿರಲಿಲ್ಲ. ಮೊದಲ ದಿನವೇ ಹಾನಗಲ್ಲಿನ ಮಾಸ್ತರರು ಸಿಕ್ಕಿಬಿದ್ದರು.

"ಹಿಂದಿನ ಮೂರು ತಿಂಗಳದ್ದೂ ಕಾಣ್ತೈತೇನ್ರಿ ಇದರಾಗ?" ಎಂದು ಕೇಳಿದರು.

"ಎಲ್ಲಾ ಕಾಣ್ತೈತಿ."

"ಹಂಗಾದ್ರ ಇದು ಪರೀಕ್ಷಾ ಅಲ್ರಿ, ಹಾಜರಿ ಪುಸ್ತಕ" ಎಂದು ಮಾಸ್ತರರು ತಲೆ ತಗ್ಗಿಸಿದರು. ಅವರು ನಿಜವಾಗಿಯೂ ಶಿರಾ ಬಿಟ್ಟರು. ಟೆಸ್ಟಿಗೆ ಆ ಪುಣ್ಯ ಸಲ್ಲಬೇಕು.

ಈಗ ಹೊಸ ಡಾಕ್ಟರು ಅಂಗಿಯ ಗುಂಡಿಗಿಂತ ತುಸು ದೊಡ್ಡದಾದ ಬಿಲ್ಲೆಯನ್ನು ತೋಳಿಗೆ ಅಂಟಿಸುತ್ತಾಳೆ. ಅದು ಹಗಲು ರಾತ್ರಿ ಸಕ್ಕರೆ ನೋಡಿ ಮೊಬೈಲಿಗೆ ವರದಿ ಮಾಡುತ್ತದೆಯಂತೆ. ಸವಣೂರಿನ ಒಬ್ಬಾಕೆ ಮದುವೆ ಊಟದ ಹೊತ್ತಿಗೆ ಮೊಬೈಲನ್ನು ಮನೆಯಲ್ಲೇ ಬಿಟ್ಟು ಹೋದಳೆಂದು ಕೇಳಿದೆ. ಅವಳು ತಿರುಗಿ ಬರುವ ತನಕ ಬಿಲ್ಲೆ ಎಲ್ಲವನ್ನೂ ನೆನಪಿಟ್ಟುಕೊಂಡು ಕೂತಿತ್ತು. ಉಪಕರಣ ಬದಲಾಗುತ್ತದೆ, ಆಟ ಅದೇ. ಆದರೆ ಉಪಕರಣವೇ ಆಟದಲ್ಲಿ ತಪ್ಪಿದರೆ ಏನು ಎಂಬುದನ್ನು ನನಗೆ ಕಲಿಸಿದವಳು ಬಸಲಿಂಗವ್ವ. ಉಳಿದ ಪುಟಗಳೆಲ್ಲ ಅವಳವು.

ಬಸಲಿಂಗವ್ವ ಹಿರೇಬೆಂಡಿಗೇರಿಯವಳು. ಅರವತ್ತು ದಾಟಿದ ಗಟ್ಟಿ ಹೆಂಗಸು. ಗಂಡ ಇಲ್ಲ, ಮಗ ಈರಣ್ಣ, ಸೊಸೆ ಸುಮಂಗಲಾ. ಉಂಡಿ ಕಟ್ಟುವುದು ಅವಳ ಕಸುಬು. ಬಸುರಿಯ ಕುಬಸವಿರಲಿ ಮದುವೆಯಿರಲಿ ಸುತ್ತಲಿನ ಊರುಗಳಿಗೆ ಅವಳದೇ ಉಂಡಿ. ನಾಗಪಂಚಮಿಗಂತೂ ಶೇಂಗಾ ಉಂಡಿ, ಎಳ್ಳುಂಡಿ, ಗುಳ್ಳಡಕಿ ಉಂಡಿ, ಒಂದು ತಿಂಗಳು ಮೊದಲೇ ಹೇಳಿಡಬೇಕು. ಬೆಲ್ಲದ ಪಾಕವನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಉರುಳಿಸಿ, ಕಿವಿಯ ಹತ್ತಿರ ತಟ್ಟೆಗೆ ಬಡಿದು ಸದ್ದು ಕೇಳಿ ಹದ ಹೇಳುತ್ತಿದ್ದಳು. ಬಾಯಿಗೆ ಹಾಕಿ ನೋಡುತ್ತಿರಲಿಲ್ಲ. ಅವಳ ಉಂಡಿ ಮೊದಲು ಹೋಗುವುದು ದೇವರ ಎಡೆಗೆ. ಕಟ್ಟುವವಳು ರುಚಿ ನೋಡಿದರೆ ಅದು ಎಂಜಲು. ಮಾಡುವವಳ ಬಾಯಿ ಶುದ್ಧ ಎಂಬ ನಂಬಿಕೆಯ ಮೇಲೆಯೇ ಜನ ಅವಳಿಗೆ ಹೇಳುತ್ತಿದ್ದರು.

ಐದಾರು ವರ್ಷದಿಂದ ಅವಳಿಗೆ ಸ್ವಲ್ಪ ಸಕ್ಕರೆ ಇತ್ತು. ಅರ್ಧ ಗುಳಿಗೆಯಲ್ಲಿ ಹದ್ದುಬಸ್ತಿನಲ್ಲಿತ್ತು. ಹೀಗಿರುವಾಗ ಒಂದು ಬೇಸಿಗೆಯಲ್ಲಿ ಅವಳ ಎರಡು ರಿಪೋರ್ಟು ಒಟ್ಟಿಗೆ ಬಂದವು. ಖಾಲಿ ಹೊಟ್ಟೆಯದು ಚೆನ್ನಾಗಿದೆ, ಮೂರು ತಿಂಗಳದ್ದು ಕೆಟ್ಟಿದೆ. ನಮ್ಮ ಅನುಭವದಲ್ಲಿ ಇದಕ್ಕೆ ಒಂದೇ ಅರ್ಥವಿತ್ತು. ರಿಪೋರ್ಟನ್ನು ಪೇಪರಿಗೆ ಪಿನ್ ಮಾಡುವಾಗ ನಾನು ಅದನ್ನು ನೋಡಿದೆ. ಉಂಡಿಯವಳು ಬೇರೆ. ಮೂಲೆಯಲ್ಲಿ ಮುಚ್ಚಿದ ಕಣ್ಣು ಬರೆದು ಒಳಗೆ ಕಳಿಸಿದೆ. ರೆಪ್ಪೆಗಳನ್ನು ಅವತ್ತು ಸ್ವಲ್ಪ ಉದ್ದವಾಗಿಯೇ ಎಳೆದೆ.

ಒಳಗಿನ ಮಾತು ಪರದೆ ದಾಟಿ ಬರುತ್ತಿತ್ತು.

"ಏನವಾ ಬಸಲಿಂಗವ್ವ, ಎರಡು ದಿವಸ ಬಾಯಿ ಕಟ್ಟಿ ಬಂದಿ ಅಲ್ಲ?"

"ಇಲ್ರಿ ಸಾಹೇಬ್ರ. ಬೆಲ್ಲ ನನ್ನ ಕೈಯಾಗ ಇರ್ತೈತಿ, ಬಾಯಾಗ ಇರೂದಿಲ್ಲ."

"ಉಂಡಿ ಕಟ್ಟಾಕಿ ರುಚಿ ನೋಡದ ಕಟ್ತೀಯೇನು?"

"ಹೂಂನ್ರಿ. ಎಡಿಗಿ ಹೋಗೂದನ್ನ ನಾ ಮೊದಲ ಬಾಯಾಗ ಹಾಕ್ಕೋತೇನೇನ್ರಿ?"

"ನೀ ಏನ ಹೇಳು, ಮಿಷಿನ್ನು ಹೇಳಾಕತ್ತೈತಿ ನೀ ತಿಂದಿ ಅಂತ. ಮೂರು ತಿಂಗಳದಿಂದ ತಿಂದಿ."

ಹೊರಗಿನ ಬೆಂಚಿನ ಮೇಲೆ ಹಿರೇಬೆಂಡಿಗೇರಿಯ ಇಬ್ಬರು ಹೆಂಗಸರು ಕೂತಿದ್ದರು. ಒಬ್ಬಳು ಇನ್ನೊಬ್ಬಳ ತೊಡೆ ತಿವಿದದ್ದನ್ನು ನಾನು ಕಂಡೆ. ಕಂಡೂ ಅದರ ಅರ್ಥ ನನಗಾಗಲಿಲ್ಲ. ನಮಗೆ ಅದು ಪಥ್ಯದ ಮಾತು. ಅವರಿಗೆ ಅದು ಎಂಜಲಿನ ಮಾತು. ಬಸಲಿಂಗವ್ವನ ಬಸ್ಸಿಗಿಂತ ಮುಂಚಿನ ಬಸ್ಸಿಗೆ ಸುದ್ದಿ ಊರು ಮುಟ್ಟಿತು. ನಮ್ಮ ಡಾಕ್ಟರು ಗುಳಿಗೆಯನ್ನು ಅರ್ಧದಿಂದ ಒಂದಕ್ಕೆ ಏರಿಸಿ, ಇನ್ನೊಂದು ಹೊಸದನ್ನೂ ಸೇರಿಸಿದರು.

ಮುಂದೆ ಅವಳು ಬಂದದ್ದು ಆಷಾಢದಲ್ಲಿ, ಪಂಚಮಿ ಇನ್ನೂ ತಿಂಗಳ ಮೇಲಿತ್ತು. ಜೊತೆಗೆ ಈರಣ್ಣ. ತಾಯಿಯನ್ನು ಕೂರಿಸಿ ನನ್ನ ಮೇಜಿನ ಹತ್ತಿರ ಬಂದು ದನಿ ತಗ್ಗಿಸಿದ.

"ಅಕ್ಕಾರ, ಈ ಸಲ ಪಂಚಮಿಗಿ ಅವ್ವಗ ಒಬ್ಬರೂ ಉಂಡಿ ಹೇಳಿಲ್ರಿ. ಎದುರು ಮನಿ ಗೌರಕ್ಕ ಬಂದು, ಇಷ್ಟು ವರ್ಷ ನಮ್ಮ ನಾಗಪ್ಪಗ ನಿನ್ನ ಎಂಜಲ ತಿನಸಿದಿ ಅಲ್ಲ ಅಂತ ಮಾರಿ ಮ್ಯಾಲ ಅಂದು ಹೋದಳ್ರಿ. ನಾವರ ಏನ ಮಾಡೂಣು. ಬೆಲ್ಲ ಎಲ್ಲಾ ಟ್ರಂಕಿನ್ಯಾಗ ಇಟ್ಟು ಕೀಲಿ ಹಾಕೇವಿ. ಊಟನೂ ಅರ್ಧ ಮಾಡೇವಿ. ನಮ್ಮಪ್ಪ ಇದ ಬ್ಯಾನಿಗಿ ಕಾಲು ಕಳಕೊಂಡು ಸತ್ತಾನ್ರಿ. ಅವ್ವನ್ನ ಹಂಗ ಬಿಡಾಕ ಬರೂದಿಲ್ಲ."

ಅವನ ಕಣ್ಣಲ್ಲಿ ನೀರಿತ್ತು. ನಾನು ಏನೋ ಸಮಾಧಾನ ಹೇಳಿದೆ. ಆಗ ಬೆಂಚಿನ ಕಡೆಯಿಂದ ಕಟುಂ ಎಂಬ ಸಣ್ಣ ಸದ್ದು ಬಂತು. ಸ್ವಲ್ಪ ಹೊತ್ತಿಗೆ ಇನ್ನೊಂದು. ನೋಡಿದರೆ ಬಸಲಿಂಗವ್ವ ಸೆರಗಿನ ತುದಿಯ ಗಂಟಿನಿಂದ ಒಂದೊಂದೇ ಕಾಳು ಹಸಿ ಅಕ್ಕಿ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದಾಳೆ. ಪರದೆಯ ಕಡೆ ಒಂದು ಕಣ್ಣಿಟ್ಟು, ಕಳ್ಳತನದಲ್ಲಿ ತಿನ್ನುವ ಶಾಲೆಯ ಹುಡುಗಿಯ ಹಾಗೆ.

ಹಾಗೆ ತಿಂದ ಶಾಲೆಯ ಹುಡುಗಿ ನಾನೇ ಆಗಿದ್ದೆ. ಏಳನೆಯ ತರಗತಿಯಲ್ಲಿ ನಾನು ಬೋರ್ಡಿನ ಸೀಮೆಸುಣ್ಣ ತಿನ್ನುತ್ತಿದ್ದೆ. ಸಿಸ್ಟರ್ ಹಿಡಿದಾಗ ಹೊಡೆಯುತ್ತಾರೆಂದುಕೊಂಡೆ. ಅವರು ನನ್ನನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ಕೆಳರೆಪ್ಪೆ ಎಳೆದು ನೋಡಿ, ಮೂರು ತಿಂಗಳು ತುಕ್ಕಿನ ವಾಸನೆಯ ಕಬ್ಬಿಣದ ಟಾನಿಕ್ಕು ಕುಡಿಸಿದರು. ಸೀಮೆಸುಣ್ಣದ ಆಸೆ ತಾನಾಗಿ ಹೋಯಿತು.

ಇದು ನೆನಪಾಗಿ ಎದ್ದು ಹೋಗಿ ಅವಳ ರೆಪ್ಪೆ ನೋಡಬೇಕು ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವಳು, "ಈರಣ್ಣಾ, ಒಂದು ಚೂರು ಬೆಲ್ಲ ಕೊಡಸೋ ಯಪ್ಪಾ" ಎಂದಳು.

ಈರಣ್ಣ ಬೆಂಚಿಗೆಲ್ಲ ಕೇಳುವಂತೆ, "ನೋಡ್ರಿಪಾ, ಸಕ್ಕರಿ ಡಾಕ್ಟರ ಬಾಗಲಾಗ ಕುಂತು ಬೆಲ್ಲ ಬೇಡಾಕತ್ತಾಳ. ಮನ್ಯಾಗೂ ದಿನಾ ಹನ್ನೊಂದು ಹೊಡದರ ಇದ ನಾಟಕ" ಎಂದ. ಬೆಂಚು ನಕ್ಕಿತು. ನಾನೂ ನಕ್ಕೆ. ಬರೆಯದೆ ಬಿಡಬಹುದಿತ್ತು, ಆದರೆ ನಕ್ಕದ್ದು ನಿಜ.

ಬಸಲಿಂಗವ್ವ ನನ್ನನ್ನು ನೋಡಿ, "ಸುಮಂಗಲಾ, ಹಂಚಿನ ಮ್ಯಾಲ ರೊಟ್ಟಿ ಹೊತ್ತಾಕತ್ತೈತಿ, ತಿರವಿ ಹಾಕ" ಎಂದಳು. ನನ್ನ ನಗು ಅಲ್ಲಿಗೆ ನಿಂತಿತು. ಜಿಟಿಜಿಟಿ ಮಳೆ, ಥಂಡಿ ಗಾಳಿ, ನಾವೆಲ್ಲ ಸೆರಗು ಹೊದ್ದು ಕೂತಿದ್ದೆವು. ಅವಳ ಮೇಲ್ದುಟಿಯ ಮೇಲೆ ಬೆವರು ಸಾಲುಗಟ್ಟಿತ್ತು. ಕೈ ನಡುಗುತ್ತಿತ್ತು. ಬೆರಳು ಚುಚ್ಚುವ ಯಂತ್ರ ತಂದು ಅವಳ ಕೈ ಹಿಡಿದೆ. ಉಗುರುಗಳು ಮೇಲಕ್ಕೆ ಉಬ್ಬಿರುವ ಬದಲು ಚಮಚದ ಹಾಗೆ ಒಳಕ್ಕೆ ತಗ್ಗಾಗಿದ್ದವು. ಒಂದು ಹನಿ ನೀರು ಹಾಕಿದರೆ ನಿಲ್ಲುವಷ್ಟು. ಬಂದ ರಕ್ತ ಕುಂಕುಮಕ್ಕೆ ನೀರು ಹೆಚ್ಚಾದಂತೆ ಇತ್ತು. ಎಪ್ಪತ್ತರ ಕೆಳಗೆ ಇಳಿಯಬಾರದ ಸಕ್ಕರೆ ಯಂತ್ರದಲ್ಲಿ ನಲವತ್ತೆರಡು.

ನಮ್ಮ ಅಡಿಗೆಮನೆ ದವಾಖಾನೆಯ ಹಿಂದೆಯೇ. ಓಡಿಹೋಗಿ ನೀರಿಗೆ ಸಕ್ಕರೆ ಸುರಿದು, ಕಲಸುತ್ತಲೇ ಬಂದೆ. ಈರಣ್ಣ ಅಡ್ಡ ನಿಂತ. "ಬ್ಯಾಡ್ರಿ ಅಕ್ಕಾರ. ಸಾಹೇಬ್ರನ್ನ ಕೇಳಿ ಕೊಡ್ರಿ. ಇಕಿಗಿ ಸಕ್ಕರಿ ವಿಷ."

"ಈರಣ್ಣಾ, ಆಚೆ ಸರಿ" ಎಂದೆ. ನಾನು ಮೆಲ್ಲಗೆ ಹೇಳಿದ್ದೆನೆಂದೇ ಇಂದಿಗೂ ಹೇಳುತ್ತೇನೆ. ಟೈರಿನ ಅಂಗಡಿಯವರು ಬೇರೆ ಹೇಳುತ್ತಾರೆ.

ನುಂಗಲು ಬರುತ್ತಿತ್ತು, ಅದೊಂದು ಪುಣ್ಯ. ಲೋಟ ಖಾಲಿಯಾಗಿ ಹತ್ತು ನಿಮಿಷಕ್ಕೆ ಅವಳ ಕಣ್ಣು ತಿಳಿಯಾದವು. ಸುತ್ತ ನೋಡಿದಳು. ತುಟಿ ಸವರಿಕೊಂಡಳು. 

"ಬಾಯಿ ಯಾಕ ಸೀ ಆಗೇತಿ? ಯಾರ ಕೊಟ್ರಿ ನನಗ? ಅಕ್ಕಾರ, ಇದೂ ಟೆಸ್ಟಿನ್ಯಾಗ ಬರ್ತೈತೇನ್ರಿ?"

ಸಾವಿನ ಬಾಗಿಲಿನವರೆಗೆ ಹೋಗಿ ಬಂದವಳಿಗೆ ಸಾವಿನ ಹೆದರಿಕೆಯಲ್ಲ, ಟೆಸ್ಟಿನದು. ನಾನು ಒಳಗೆ ಹೋಗಿ, ತಪಾಸಣೆಗೆ ಕೂತಿದ್ದ ಬ್ಯಾಂಕಿನ ಒಬ್ಬರನ್ನು ವಿನಯದಿಂದ ಹೊರಗೆ ಕಳಿಸಿ, ಪರದೆಯ ಜೊತೆ ಬಾಗಿಲನ್ನೂ ಹಾಕಿದೆ.

"ರೀ, ಮೂರು ತಿಂಗಳ ಟೆಸ್ಟು ಸುಳ್ಳು ಹೇಳ್ತೈತೇನು?"

"ಮಿಷಿನ್ನು ಯಾಕ ಸುಳ್ಳು ಹೇಳ್ತೈತಿ?"

"ಹಸಿ ಅಕ್ಕಿ ತಿನ್ನಾಕತ್ತಾಳ. ಉಗರು ಚಮಚ ಆಗ್ಯಾವ. ರಕ್ತ ನೀರು ಆಗೇತಿ. ಈಗ ಸಕ್ಕರಿ ನಲವತ್ತೆರಡಕ್ಕ ಇಳದಿತ್ತು."

ಅವರು ಎದ್ದು ಹೊರಗೆ ಬಂದು ಬಸಲಿಂಗವ್ವನ ಕೆಳರೆಪ್ಪೆ ಎಳೆದು ನೋಡಿದರು. ಬೆಳ್ಳಗೆ ಕಾಗದದಂತಿತ್ತು. ಒಳಗೆ ಹೋಗಿ ಅವಳ ಪೇಪರುಗಳನ್ನು ಹಿಂದಕ್ಕೆ, ಹಿಂದಕ್ಕೆ ತಿರುವಿದರು. ಎರಡು ವರ್ಷದಿಂದ ನಾವು ಅವಳ ಸಕ್ಕರೆಯನ್ನು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ. ಆಗ ಸ್ಟೆತಾಸ್ಕೋಪು ಕೊರಳಿನಿಂದ ಇಳಿಯಿತು. ನಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು.

"ನಾ ಕಣ್ಣು ಬರದಿದ್ದೆ" ಎಂದೆ.

"ನಾ ಅದನ್ನ ಓದಿದ್ದೆ" ಎಂದರು.

ನಾನು ರಬ್ಬರು ತಂದು ಒರೆಸಿದೆ. ಅವತ್ತು ಸಂಜೆ ಎಲ್ಲರ ಪೇಪರುಗಳನ್ನೂ ತೆಗೆದು, ಇದ್ದಬದ್ದ ಕಣ್ಣುಗಳನ್ನೆಲ್ಲ ಒರೆಸಿ ಹಾಕಿದೆ.

ಇನ್ನೂ ಒಂದು ಪ್ರಶ್ನೆ ಉಳಿದಿತ್ತು. ರಕ್ತ ಎಲ್ಲಿ ಹೋಯಿತು? "ಬ್ಯಾರೆ ಗುಳಿಗಿ ಏನರ ತಗೋತೀಯೇನವಾ?" ಎಂದು ನಮ್ಮ ಡಾಕ್ಟರು ಕೇಳಿದರೆ, "ಇಲ್ರಿ" ಎಂದಳು. ನಾನು ಅವಳ ಪಕ್ಕದಲ್ಲಿ ಕೂತು, ಅವಳ ಕೈಚೀಲವನ್ನು ಕೇಳಿ, ನನ್ನ ಮಡಿಲಿಗೆ ಸುರುವಿಕೊಂಡೆ. ಎಲೆಯಡಿಕೆ, ಬಸ್ಸಿನ ಚೀಟಿ, ಕಾಗದದಲ್ಲಿ ಕಟ್ಟಿದ ಕೆಂಪು ಬಿಳಿ ಗುಳಿಗೆಗಳು.

"ಇವೇನು?"

"ಅವು ಗುಳಿಗಿ ಅಲ್ರಿ ಅಕ್ಕಾರ. ಮೊಣಕಾಲಿಂದು. ಗೂಡಂಗಡ್ಯಾಗ ಸಿಗ್ತಾವ. ದಿನಾ ಕೆಳ ಕುಂತು ಉಂಡಿ ಕಟ್ಟಬೇಕಲ್ರಿ, ಎರಡ ಹಾಕ್ಕೊಂಡ್ರ ಕಾಲು ಮಡಚತಾವ."

ಡಾಕ್ಟರು ಬರೆದುಕೊಟ್ಟದ್ದು ಗುಳಿಗೆ, ಉಳಿದದ್ದು ಗುಳಿಗೆಯಲ್ಲ. ಹೊಸಬರು ಇದನ್ನು ಗೋಡೆಗೆ ಬರೆದು ಹಾಕಿಕೊಳ್ಳಬೇಕು, ಮತ್ತು ಬಾಯಿಂದ ಕೇಳುವುದರ ಜೊತೆಗೆ ಚೀಲ ಸುರುವಿ ನೋಡಬೇಕು. ಬಸಲಿಂಗವ್ವನನ್ನು ಹುಬ್ಬಳ್ಳಿಗೆ ಕಳಿಸಿದೆವು. ಅಲ್ಲಿ ಬಾಯಿಂದ ನಳಿಗೆ ಬಿಟ್ಟು ನೋಡಿದರು. ಆ ನೋವಿನ ಗುಳಿಗೆಗಳು ಹೊಟ್ಟೆಯಲ್ಲಿ ಹುಣ್ಣು ಮಾಡಿ, ಅದರಿಂದ ದಿನವೂ ಹನಿ ಹನಿ ರಕ್ತ ಹೋಗುತ್ತಿತ್ತು. ಹೋದ ರಕ್ತದ ಜೊತೆ ಕಬ್ಬಿಣ ಹೋಯಿತು. ಕಬ್ಬಿಣ ಕಡಿಮೆಯಾದ ಮೈಯಲ್ಲಿ ಹೊಸ ಕೆಂಪು ಕಣ ಹುಟ್ಟುವುದು ನಿಧಾನ. ಹಳೆಯವೇ ಹೆಚ್ಚು ದಿನ ತಿರುಗುತ್ತಾ ಹೆಚ್ಚು ಸಕ್ಕರೆ ಅಂಟಿಸಿಕೊಂಡಿರುತ್ತವೆ. ಮೂರು ತಿಂಗಳ ಟೆಸ್ಟು ಅಳೆಯುವುದು ಆ ಅಂಟನ್ನೇ. ಇಲ್ಲದ ಸಕ್ಕರೆ ಹೀಗೆ ರಿಪೋರ್ಟಿನಲ್ಲಿ ಬಂತು, ಅದಕ್ಕೆ ನಾವು ಗುಳಿಗೆ ಏರಿಸಿದೆವು, ಮನೆಯವರು ಊಟ ಇಳಿಸಿದರು. ಅವಳು ಬೆಲ್ಲ ಬೇಡಿದ್ದು ಚಪಲಕ್ಕಲ್ಲ, ಜೀವಕ್ಕೆ.

ಹುಣ್ಣಿಗೆ ಔಷಧಿ, ಕಬ್ಬಿಣದ ಇಂಜೆಕ್ಷನ್ನು ಆಯಿತು. ಸಕ್ಕರೆಯ ಗುಳಿಗೆ ಮೊದಲಿನ ಅರ್ಧಕ್ಕೆ ಇಳಿಯಿತು. ವಾರ ಮೂರು ಕಳೆದು ತೋರಿಸಲು ಬಂದಾಗ ಅವಳ ತುಟಿಗೆ ಬಣ್ಣ ಬಂದಿತ್ತು. ಸೆರಗಿನಲ್ಲಿ ಅಕ್ಕಿಯ ಗಂಟಿರಲಿಲ್ಲ. ನಮ್ಮ ಡಾಕ್ಟರು ಈರಣ್ಣನನ್ನು ಕರೆದು, ನಿಮ್ಮವ್ವ ಏನೂ ತಿಂದಿಲ್ಲ, ನಮ್ಮ ಟೆಸ್ಟಿಗೆ ಮೋಸವಾಗಿತ್ತು ಎಂದು ಸ್ಪಷ್ಟವಾಗಿ ಹೇಳಿದರು. ಮುಗಿಯಿತು ಎಂಬಂತೆ ಮುಂದಿನ ಪೇಪರಿಗೆ ಕೈ ಹಾಕಿದರು. ಬಸಲಿಂಗವ್ವ ಕುರ್ಚಿಯಿಂದ ಏಳಲಿಲ್ಲ.

"ಸಾಹೇಬ್ರ, ಇಲ್ಲಿ ಹೇಳಿದ್ರ ನನಗೇನ ಬಂತ್ರಿ? ಇಲ್ಲಿ ನನ್ನ ಸೊಸಿ ಅದಾಳೇನು? ಗೌರಕ್ಕ ಅದಾಳೇನು? ತಿಂದಿ ಅಂತ ನೀವು ಅಂದದ್ದು ನಮ್ಮ ಓಣಿತನಕ ಬಂತಲ್ರಿ, ತಿಂದಿಲ್ಲ ಅನ್ನೂದೂ ಅಲ್ಲಿತನಕ ಬರಬೇಕು."

"ನಾ ಒಂದು ಚೀಟಿ ಬರದು ಕೊಡ್ತೇನಿ."

"ಚೀಟಿ ಓದಾಕ ಯಾರಿಗಿ ಬರ್ತೈತ್ರಿ? ಬೈಗುಳ ಕಿವೀಲೆ ಕೇಳ್ಯಾರ. ಇದನ್ನೂ ಕಿವೀಲೆ ಕೇಳಲಿ."

ನಮ್ಮ ಡಾಕ್ಟರು ಯಾರ ಮನೆಗೂ ಹೋಗುವವರಲ್ಲ. ನನ್ನ ಕಡೆ ನೋಡಿದರು. ನಾನು ಕ್ಯಾಲೆಂಡರಿನ ಕಡೆ ನೋಡಿದೆ. "ರವಿವಾರ ಖಾಲಿ ಅದೇವಿ" ಎಂದೆ.

ರವಿವಾರ, ಪಂಚಮಿಗೆ ಮೂರು ದಿನ ಮೊದಲು, ಹಿರೇಬೆಂಡಿಗೇರಿಗೆ ಹೋದೆವು. ಬಸಲಿಂಗವ್ವನ ಕಟ್ಟೆಯ ಮೇಲೆ ಕಂಬಳಿ ಹಾಸಿತ್ತು. ಓಣಿಯ ಹೆಂಗಸರೆಲ್ಲ ಬಂದಿದ್ದರು, ಮುಂದಿನ ಸಾಲಿನಲ್ಲೇ ಗೌರಕ್ಕ. ನಮ್ಮ ಡಾಕ್ಟರು ನಿಂತು ಹಿಮೋಗ್ಲೋಬಿನ್ನು, ಕಬ್ಬಿಣ, ಕಣದ ಆಯುಷ್ಯ ಎಂದು ಹತ್ತು ನಿಮಿಷ ಮಾತಾಡಿದರು. ಹೆಂಗಸರು ಭಕ್ತಿಯಿಂದ ಕೇಳಿದರು. ಮುಗಿದ ಮೇಲೆ ಗೌರಕ್ಕ, "ಅದೆಲ್ಲಾ ಖರೆ ಸಾಹೇಬ್ರ. ಆದ್ರ ಇಕಿ ತಿಂದಾಳೋ ಇಲ್ಲೋ?" ಎಂದಳು.

ಅವರು ಮತ್ತೆ ಹಿಮೋಗ್ಲೋಬಿನ್ನಿನಿಂದ ಶುರುಮಾಡುವವರಿದ್ದರು. ನಾನು ಎದ್ದೆ.

"ಗೌರಕ್ಕ, ನಿಮಗ ವರ್ಷಾನಗಟ್ಟಲೆ ಹೊಸ ಸೀರಿ ಬರಲಿಲ್ಲ ಅನ್ಕೋರಿ. ಇದ್ದ ಹಳೇ ಸೀರೀನ ದಿನಾ ಉಡ್ತೀರಿ. ಅದಕ್ಕ ಧೂಳ ಹತ್ತಿದ್ದು ನೋಡಿ, ಈಕಿ ಕೆಸರಾಗ ಉಳ್ಳಾಡಿ ಬಂದಾಳ ಅಂತ ಯಾರರ ಅಂದ್ರ ಹೆಂಗಿರ್ತೈತಿ? ನಾವಿಬ್ಬರೂ ಬಸಲಿಂಗವ್ವಗ ಹಂಗ ಅಂದೇವಿ. ಆಕಿ ರಕ್ತ ಹಳೇದಾಗಿತ್ತು, ಅದಕ್ಕ ಸಕ್ಕರಿ ಹತ್ತಿತ್ತು. ಆಕಿ ತಿಂದಿಲ್ಲ. ತಪ್ಪು ನಮ್ಮದು."

ಸುಮಂಗಲಾ ಎದ್ದಳು. ಕೊರಳಿನ ದಾರದಲ್ಲಿದ್ದ ಟ್ರಂಕಿನ ಕೀಲಿಯನ್ನು ಬಿಚ್ಚುತ್ತಲೇ ಬಂದು ಅತ್ತೆಯ ಮುಂದಿಟ್ಟಳು. "ನಂದೂ ತಪ್ಪಾತ್ರಿ ಅತ್ತಿ" ಎಂದಳು. ಬಸಲಿಂಗವ್ವ ಕೀಲಿಯನ್ನು ಸೊಂಟದ ಸೀರೆಯ ಮಡಿಕೆಗೆ ಸಿಕ್ಕಿಸಿಕೊಂಡು ಎದ್ದು, ಅಡಿಗೆಮನೆಗೆ ಹೋದಳು. ಶೇಂಗಾ ಹುರಿದಿಟ್ಟೇ ಇದ್ದಳು ಎಂದು ವಾಸನೆಯೇ ಹೇಳಿತು. ಪಾಕ ಕುದಿಯುವ ತನಕ ಓಣಿಯೆಲ್ಲ ಕಾದು ಕೂತಿತು. ಯಾರಿಗೂ ಮನೆಗೆ ಹೋಗುವ ಆತುರವಿರಲಿಲ್ಲ.

"ಬಸಕ್ಕ" ಎಂದು ಗೌರಕ್ಕ ಬಾಗಿಲಿನಿಂದಲೇ ಕೇಳಿದಳು, "ನಮ್ಮ ಮನಿ ಪಂಚಮಿ ಉಂಡಿನೂ ನೀನ ಕಟ್ಟೇಬಿಡಲ್ಲ?"

"ನೋಡೂಣು" ಎಂದಳು ಬಸಲಿಂಗವ್ವ ಒಳಗಿನಿಂದ. "ಈ ಸಲ ನನ್ನ ಕೈ ಭಾಳ ತುಂಬೇತಿ."

ತಟ್ಟೆ ತುಂಬ ಉಂಡಿ ತಂದು ದೇವರ ಜಗಲಿಯ ಮುಂದಿಟ್ಟು ಎಡೆ ಹಿಡಿದಳು. ಊದಿನಕಡ್ಡಿ ಬೆಳಗಿದಳು. ಕಣ್ಣು ಮುಚ್ಚಿ ನಿಂತಳು. ಆಮೇಲೆ ಆ ತಟ್ಟೆಯೊಂದಿಗೆ ಕಟ್ಟೆಗೆ ಬಂದು, ಎಲ್ಲರ ನಡುವೆ ನಿಂತು, ಒಂದು ಉಂಡಿಯನ್ನು ಎರಡು ಹೋಳು ಮಾಡಿ, ಒಂದನ್ನು ಬಾಯಿಗೆ ಹಾಕಿಕೊಂಡಳು. ಗೌರಕ್ಕನನ್ನು ನೋಡುತ್ತಾ, ಸೊಸೆಯನ್ನು ನೋಡುತ್ತಾ, ಕೊನೆಗೆ ನಮ್ಮ ಡಾಕ್ಟರನ್ನು ನೋಡುತ್ತಾ, ಅವಸರವಿಲ್ಲದೆ ಅಗಿದು ನುಂಗಿದಳು.

"ಈಗ ತಿಂದೇನಿ ಸಾಹೇಬ್ರ" ಎಂದಳು. "ಈಗ ಬೈರಿ."

ನಮ್ಮ ಡಾಕ್ಟರು ಬಾಯಿ ತೆರೆದರು. ನಾನು ಅವರ ಕಾಲು ತುಳಿಯುವವಳಿದ್ದೆ, ತುಳಿಯುವ ಅಗತ್ಯ ಬೀಳಲಿಲ್ಲ. ಅವರು ಅವಳ ಕೈಯಲ್ಲಿ ಉಳಿದಿದ್ದ ಅರ್ಧ ಉಂಡಿಗೆ ಕೈ ಚಾಚಿದರು.